ಕಾರಿನೊಳಗಿನ ಹಳೇ ಗಮ್ ತೆಗೆಯಲು ಪೆಟ್ರೋಲ್ ಬೇಡ

ಮಾನ್ಯ ಸಂಪಾದಕರೇ,

ಮಳೆಗಾಲಕ್ಕೆ ಇನ್ನು ಏಳೆಂಟು ವಾರ ಉಳಿದಿದೆ. ನಮ್ಮ ಕಡೆ ಈಗ ಎಲ್ಲರ ಮನೆಯಲ್ಲೂ ಒಂದೇ ಗಡಿಬಿಡಿ. ಹೆಂಚು ಸರಿ ಮಾಡಿಸಬೇಕು, ಸೌದೆ ಒಳಗೆ ಹಾಕಬೇಕು, ಚರಂಡಿ ಬಿಡಿಸಬೇಕು. ಹಳೇ ಕಾರು, ಜೀಪು ಇರುವವರು ಒಳಗಿನ ಮ್ಯಾಟ್ ಕಿತ್ತು ತಳದ ತುಕ್ಕು ನೋಡುವುದೂ ಇದೇ ಹೊತ್ತಿನಲ್ಲಿ. ಮ್ಯಾಟ್ ಸಲೀಸಾಗಿ ಬರುತ್ತದೆ. ಅದರ ಕೆಳಗಿನ ಗಮ್ ಬರುವುದಿಲ್ಲ. ಆ ಗಮ್ ತೆಗೆಯಲು ಪೆಟ್ರೋಲ್ ಬಳಸಬೇಡಿ ಎಂದು ಬೇಡಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗಿದೆ. ಆದರೂ ಕತ್ತರಿಸದೆ ಹಾಕಿ.

ಹೋದ ವರ್ಷ ಜೂನ್ ತಿಂಗಳು. ನಮ್ಮ ಪಕ್ಕದ ಮನೆಯ ಹುಡುಗ ಒಂದು ಹಳೇ ವ್ಯಾನ್ ತಂದಿದ್ದ. ಅವನಿಗೆ 24 ವರ್ಷ. ಸಂತೆಗೆ ತರಕಾರಿ ಸಾಗಿಸುವ ಆಸೆ. ಹಿಂದಿನ ಮಾಲೀಕರು ತಳಕ್ಕೆಲ್ಲ ಸ್ಪಂಜಿನ ಮ್ಯಾಟ್ ಅಂಟಿಸಿದ್ದರು. ಅದನ್ನು ಕಿತ್ತ. ಕೆಳಗೆ ಹಳದಿ ಗಮ್, ಅದರ ಮೇಲೆ ಪುಡಿ ಪುಡಿ ಸ್ಪಂಜು. ‘ಪೆಟ್ರೋಲ್ ಹಾಕಿ ಉಜ್ಜು, ಒಂದು ಗಂಟೆ ಕೆಲಸ’ ಎಂದು ಯಾರೋ ಹೇಳಿದರು. ಹೊರಗೆ ಜೋರು ಮಳೆ. ಶೆಡ್ಡಿನ ಬಾಗಿಲು ಮುಚ್ಚಿಕೊಂಡ. ಬೆಳಕಿಗೆ ವೈರಿನ ತುದಿಯಲ್ಲಿ ಒಂದು ಬಲ್ಬ್ ತೂಗು ಹಾಕಿಕೊಂಡ. ಆ ಬಲ್ಬ್ ಜಾರಿ ಬಿತ್ತು. ಬಿದ್ದು ಒಡೆಯಿತು.

ವ್ಯಾನಿನ ಹಿಂದಿನ ಬಾಗಿಲು ತೆರೆದಿದ್ದಕ್ಕೆ ಹೊರಗೆ ಹಾರಿಕೊಂಡ. ನಾವು ಓಡಿ ಹೋದಾಗ ಅವನಪ್ಪ ಒದ್ದೆ ಗೋಣಿ ಹಾಕಿ ಬೆಂಕಿ ಆರಿಸುತ್ತಿದ್ದರು. ಹುಡುಗ ಮಳೆಯಲ್ಲಿ ಎರಡೂ ಕೈ ಮುಂದೆ ಚಾಚಿಕೊಂಡು ನಿಂತಿದ್ದ. ಮೊಣಕೈವರೆಗೆ ಸುಟ್ಟಿತ್ತು. ಹುಬ್ಬು ಇರಲಿಲ್ಲ. ಮಡಿಕೇರಿಗೆ ಕರೆದುಕೊಂಡು ಹೋಗಿದ್ದು ನನ್ನ ಕಾರಿನಲ್ಲೇ. ದಾರಿಯುದ್ದಕ್ಕೂ ‘ದೊಡ್ಡಮ್ಮ, ಕಿಟಕಿ ತೆಗೀರಿ, ಗಾಳಿ ಬರಲಿ’ ಅಂತಲೇ ಇದ್ದ. ಈಗ ಹುಷಾರಾಗಿದ್ದಾನೆ. ಆದರೆ ಎಡಗೈಯ ಎರಡು ಬೆರಳು ಇನ್ನೂ ಪೂರ್ತಿ ಮಡಚುವುದಿಲ್ಲ. ಈ ಸಲ ಕರಿಮೆಣಸು ಕೊಯ್ಯಲು ಅವನು ಏಣಿ ಹತ್ತಲಿಲ್ಲ.

ನನಗೆ ನೋವು ಜಾಸ್ತಿ ಆಗುವುದು ಇನ್ನೊಂದು ಕಾರಣಕ್ಕೆ. ಅದಕ್ಕೆ ಮೂರು ತಿಂಗಳ ಹಿಂದೆ, ಮಾರ್ಚಿನಲ್ಲಿ, ನನ್ನ ಕಾರಿನ ಗಮ್ಮನ್ನು ನಾನೇ ತೆಗೆದಿದ್ದೆ. ಅವನು ಬಂದು ನೋಡಿದ್ದ. ‘ಎಷ್ಟು ದಿನ ಆಯ್ತು ದೊಡ್ಡಮ್ಮ’ ಎಂದು ಕೇಳಿದ್ದ. ಹತ್ತೊಂಬತ್ತು ದಿನ ಎಂದೆ. ಅಷ್ಟು ಪುರುಸೊತ್ತು ಯಾರಿಗಿದೆ ಎಂದು ಹೋದ. ಯಾಕೆ ಹತ್ತೊಂಬತ್ತು ದಿನ ಬೇಕು, ಪೆಟ್ರೋಲ್ ಯಾಕೆ ಮುಟ್ಟಬಾರದು ಎಂದು ನಾನು ಆಗ ಹೇಳಲಿಲ್ಲ. ಅವನಿಗೆ ಹೇಳದೆ ಬಿಟ್ಟದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

ನನ್ನದು 1998ರ ಮಾರುತಿ 800. ಯಜಮಾನರು ಕೊಂಡದ್ದು. ಅವರು ಹೋದ ಮೇಲೆ ನಾನೇ ಓಡಿಸುತ್ತೇನೆ. 1983ರ ಡಿಸೆಂಬರಿನಲ್ಲಿ ಮೊದಲ ಮಾರುತಿ ಹೊರಗೆ ಬಂತು, 2014ರಲ್ಲಿ ತಯಾರಿ ನಿಂತಿತು. ಆದರೂ ನಮ್ಮ ಏರು ತಗ್ಗಿನ ತೋಟದ ದಾರಿಗೆ ಈ ಪುಟ್ಟ ಕಾರು ಇನ್ನೂ ಸಾಕು. ಹದಿನೈದು ವರ್ಷದ ಹಿಂದೆ ಇದಕ್ಕೆ ಹೊಸ ಮ್ಯಾಟಿಂಗ್ ಮಾಡಿಸಿದೆವು. ಅಂಗಡಿಯವರು ಸೀಟು ಬಿಚ್ಚಿ, ತಳದ ತಗಡಿಗೆಲ್ಲ ಬ್ರಷ್‌ನಲ್ಲಿ ಹಳದಿ ರಬ್ಬರ್ ಗಮ್ ಬಳಿದು, ಸ್ಪಂಜು ಇರುವ ರೆಕ್ಸಿನ್ ಒತ್ತಿ ಕೂರಿಸಿದರು. ಚೆಂದ ಕಂಡಿತು. ಒಂದು ತಿಂಗಳು ಗಮ್ಮಿನ ವಾಸನೆ. ಆಮೇಲೆ ಪ್ರತಿ ಮಳೆಗಾಲಕ್ಕೂ ಬೂಷ್ಟಿನ ವಾಸನೆ. ಒದ್ದೆ ಕೊಡೆ ಇಟ್ಟಿದ್ದಕ್ಕೆ ಇರಬೇಕು ಅಂತ ಸುಮ್ನೆ ಇದ್ದೆವು.

ಕೊನೆಗೆ ಕಿತ್ತು ನೋಡಿದಾಗ ಸ್ಪಂಜು ಹಿಂಡಿದರೆ ನೀರು. ನೀರು ಎಲ್ಲಿಂದ ಬಂತು ಗೊತ್ತಾ? ಮುಂದಿನ ಗಾಜಿನ ಕೆಳಗೆ, ವೈಪರ್ ಇರುವ ಜಾಗದಲ್ಲಿ ಮಳೆನೀರು ಹೊರಗೆ ಹೋಗಲು ತೂತು ಇರುತ್ತದೆ. ಅಲ್ಲಿ ಸಿಲ್ವರ್ ಓಕ್ ಎಲೆ ಕೊಳೆತು ಗಟ್ಟಿಯಾಗಿ ಕೂತಿತ್ತು. ಮರದಡಿ ಕಾರು ನಿಲ್ಲಿಸುವ ಎಲ್ಲರೂ ಅಲ್ಲಿ ಒಮ್ಮೆ ಕೈ ಹಾಕಿ ನೋಡಿ. ನೀರು ಹೊರಗೆ ಹೋಗುವ ಬದಲು ಒಳಗೆ ಇಳಿದು ಸ್ಪಂಜಿನಲ್ಲಿ ಕೂತಿತ್ತು. ಮ್ಯಾಟ್ ಅಂಟಿಕೊಂಡಿದ್ದರಿಂದ ಎತ್ತಿ ಒಣಗಿಸಲು ಆಗಲಿಲ್ಲ. ಡ್ರೈವರ್ ಕಾಲಿಡುವ ಜಾಗದಲ್ಲಿ ನನ್ನ ಅಂಗೈಯಷ್ಟು ತಗಡು ಹಪ್ಪಳ ಆಗಿತ್ತು.

ಟಿಂಕರ್ ಕೆಲಸದವರು ಬಂದು ನೋಡಿದರು. ತೇಪೆ ಬೆಸುಗೆ ಹಾಕಬಹುದು, ಆದರೆ ಮೊದಲು ಗಮ್ ಪೂರ್ತಿ ಹೋಗಬೇಕು ಎಂದರು. ಅವರು ಹೇಳಿದ್ದು ಸರಿ. ಕೆಳಗಿನಿಂದ ಬೆಸುಗೆ ಹಾಕುವಾಗ ಮೇಲಿನ ಗಮ್ ಮತ್ತು ಸ್ಪಂಜು ಹೊತ್ತಿಕೊಳ್ಳುತ್ತದೆ. ಕೆಳಗೆ ಮಲಗಿದವರಿಗೆ ಕಾಣುವುದೂ ಇಲ್ಲ. ಇನ್ನೊಂದು, ಗಮ್ಮಿನ ಮೇಲೆ ಬಳಿದ ಪೇಂಟ್ ತಗಡಿಗೆ ಹಿಡಿಯುವುದಿಲ್ಲ. ನಾಳೆ ಸಿಪ್ಪೆ ಏಳುತ್ತದೆ, ಅದರ ಸಂದಿಯಲ್ಲಿ ಮತ್ತೆ ನೀರು.

ನಾನು ಮೊದಲು ಮಾಡಿದ್ದೆಲ್ಲ ತಪ್ಪೇ. ಕತ್ತಿಯಿಂದ ಕೆರೆದೆ. ಪೇಂಟ್ ಗೀರಿ ತಗಡು ಹೊಳೆಯಿತು. ಮಾರನೆಯ ದಿನ ಆ ಗೀರಿನಲ್ಲೇ ಕೆಂಪು ತುಕ್ಕು. ಡ್ರಿಲ್ಲಿಗೆ ತಂತಿ ಬ್ರಷ್ ಸಿಕ್ಕಿಸಿ ಉಜ್ಜಿದೆ. ಅದರ ಬಿಸಿಗೆ ಗಮ್ ಕರಗಿ ಎಲ್ಲ ಕಡೆ ಬಳಿದುಕೊಂಡಿತು, ಬ್ರಷ್ ಕೂಡ ಹಾಳು. ಆಮೇಲೆ ಪೇಂಟ್ ಅಂಗಡಿಯ ತಿನ್ನರ್ ತಂದೆ. ಗಮ್ಮಿನ ಜೊತೆ ಪೇಂಟನ್ನೂ ಎಬ್ಬಿಸಿತು. ಸೀಟಿನ ಕೆಳಗೆ ಕಾಣದ ಜಾಗದಲ್ಲಿ ಒಂದು ಹನಿ ಹಾಕಿ ನೋಡಿದ್ದರೆ ಅದು ಮೊದಲೇ ಗೊತ್ತಾಗುತ್ತಿತ್ತು. ಕಾರಿನೊಳಗೆ ಬಗ್ಗಿ ಕೂತು ಅದರ ಆವಿ ಕುಡಿದದ್ದಕ್ಕೆ ಎರಡು ದಿನ ತಲೆ ಸಿಡಿತ, ವಾಕರಿಕೆ.

ದಾರಿ ಹೊಳೆದದ್ದು ಹಲಸಿನಿಂದ. ನಮ್ಮ ಮನೆಗಳಲ್ಲಿ ಹಲಸಿನ ಹಣ್ಣು ಬಿಡಿಸುವವರು ಮೇಣದ ಜೊತೆ ಜಗಳಕ್ಕೆ ನಿಲ್ಲುವುದಿಲ್ಲ, ಅಲ್ವಾ? ಕೈಗೆ ತೆಂಗಿನೆಣ್ಣೆ ಸವರುತ್ತಾರೆ. ಕತ್ತಿಗೆ ಹಿಡಿದ ಮೇಣವನ್ನು ಒಲೆಯ ಬಿಸಿ ತೋರಿಸಿ ಒರೆಸುತ್ತಾರೆ. ಬಂದ ಮೇಣವನ್ನು ಕಡ್ಡಿಗೆ ಸುತ್ತುತ್ತಾರೆ. ಮೇಣದ ಉಂಡೆಗೇ ಮೇಣ ಅಂಟಿಕೊಂಡು ಬರುತ್ತದೆ. ಕಾರಿನ ಗಮ್ ಕೂಡ ಕರಗಿಸಿದ ರಬ್ಬರೇ. ಕರಗಿಸಿದ ದ್ರಾವಣ ಹಾರಿಹೋಗಿ ರಬ್ಬರ್ ಉಳಿದಿರುತ್ತದೆ. ಬಿಸಿಗೆ ಅದು ಮೆತ್ತಗಾಗಲೇಬೇಕು.

ಕಾಫಿ ಒಣಗಿಸಿ ಮುಗಿದು ಕಣ ಖಾಲಿ ಇತ್ತು. ಕಾರನ್ನು ತಳ್ಳಿ ಕಣದ ನಡುವೆ ನಿಲ್ಲಿಸಿದೆ. ಬ್ಯಾಟರಿ ವೈರು ಕಳಚಿದೆ. ಸೀಟು ಬಿಚ್ಚಿದೆ. ಹನ್ನೊಂದರಿಂದ ಎರಡರವರೆಗೆ ಗಾಜು ಏರಿಸಿ ಬಾಗಿಲು ಮುಚ್ಚಿ ಬಿಟ್ಟೆ. ಮಾರ್ಚ್ ಬಿಸಿಲಿಗೆ ಒಳಗೆ ಒಲೆಯ ಹಾಗೆ ಕಾಯುತ್ತದೆ. ಆಮೇಲೆ ಬಾಗಿಲೆಲ್ಲ ತೆರೆದು ಕೂತರೆ ಗಮ್ ಬೆಲ್ಲದ ಪಾಕದ ಹದಕ್ಕೆ ಬಂದಿರುತ್ತಿತ್ತು. ಅವಧಿ ಮುಗಿದ ಎಟಿಎಂ ಕಾರ್ಡಿನ ಅಂಚಿನಿಂದ ಎಬ್ಬಿಸಿದೆ. ಪ್ಲಾಸ್ಟಿಕ್ ಆದ್ದರಿಂದ ಪೇಂಟಿಗೆ ಗೀರು ಬೀಳುವುದಿಲ್ಲ. ಎದ್ದ ಗಮ್ಮನ್ನು ಉಂಡೆ ಮಾಡಿ ಅದನ್ನೇ ಒತ್ತಿ ಒತ್ತಿ ಎತ್ತಿದೆ. ಮೊದಲ ದಿನದ ಉಂಡೆ ನಿಂಬೆಹಣ್ಣಿನಷ್ಟು ಆಯಿತು. ಕೈಗೆ ತೆಂಗಿನೆಣ್ಣೆ ಸವರಿಕೊಂಡಿದ್ದೆ.

ಬಿಸಿಲು ತಲುಪದ ಜಾಗ ಇರುತ್ತದೆ. ಡ್ಯಾಶ್‌ಬೋರ್ಡಿನ ಅಡಿ, ಸೀಟಿನ ಕೆಳಗಿನ ಏರು, ನಡುವಿನ ದಿಂಡು. ಅಲ್ಲಿಗೆ ಮೊಣಕಾಲು ನೋವಿಗೆ ಇಟ್ಟುಕೊಂಡಿದ್ದ ಬಿಸಿನೀರಿನ ರಬ್ಬರ್ ಚೀಲ ಒತ್ತಿ ಹತ್ತು ನಿಮಿಷ ಇಟ್ಟೆ. ತುಂಬ ಚೆನ್ನಾಗಿ ಕೆಲಸ ಮಾಡಿತು. ಬೆಂಕಿ ಇಲ್ಲ, ಕಿಡಿ ಇಲ್ಲ, ವೈರು ಸುಡುವ ಭಯ ಇಲ್ಲ. ಒಂದು ದಿನಕ್ಕೆ ಎರಡು ಅಂಗೈ ಅಗಲದ ಜಾಗ ಮುಗಿಯುತ್ತಿತ್ತು. ಹತ್ತೊಂಬತ್ತು ದಿನ ಆದದ್ದು ಹೀಗೆ. ಒಂದೊಂದು ದಿನ ಒಂದೂವರೆ ಗಂಟೆಗಿಂತ ಹೆಚ್ಚು ಕೂರಲಿಲ್ಲ. ಬೆನ್ನು ಕೇಳುವುದಿಲ್ಲ.

ಕೊನೆಯಲ್ಲಿ ಉಳಿಯುವ ತೆಳು ಪದರಕ್ಕೆ ಮಾತ್ರ ಎಣ್ಣೆ ಬೇಕು. ಸೀಮೆಎಣ್ಣೆ ಈಗ ಸಿಗುವುದೇ ಕಷ್ಟ. ಪೇಂಟ್ ಅಂಗಡಿಯ ಟರ್ಪೆಂಟೈನ್ ತಂದೆ. ಇಲ್ಲಿ ಒಂದು ಮಾತು ದಯವಿಟ್ಟು ಗಮನಿಸಿ. ಟರ್ಪೆಂಟೈನ್ ಕೂಡ ಹೊತ್ತಿಕೊಳ್ಳುವ ವಸ್ತುವೇ. 35, 40 ಡಿಗ್ರಿ ಬಿಸಿ ತಲುಪಿದರೆ ಅದೂ ಹೊತ್ತುವಷ್ಟು ಆವಿ ಬಿಡುತ್ತದೆ. ಬಿಸಿಲಿಗೆ ಕಾದ ತಗಡಿಗೆ ಅದನ್ನು ತಾಗಿಸಲೇಬಾರದು. ಬಿಸಿಯ ಕೆಲಸ ಮಧ್ಯಾಹ್ನ. ಟರ್ಪೆಂಟೈನ್ ಕೆಲಸ ಮಾರನೆಯ ಬೆಳಿಗ್ಗೆ ಏಳು ಗಂಟೆಗೆ, ತಗಡು ತಣ್ಣಗಿರುವಾಗ, ಬಾಗಿಲು, ಡಿಕ್ಕಿ ಎಲ್ಲ ತೆರೆದು, ಕಾರು ಬಯಲಿನಲ್ಲಿ ಇರುವಾಗ. ಸುರಿಯಬಾರದು. ಬಟ್ಟೆಗೆ ಹಾಕಿಕೊಂಡು ಗಮ್ಮಿನ ಮೇಲೆ ಹಾಸಿ, ಬೇಗ ಆರದ ಹಾಗೆ ಮೇಲೊಂದು ಪ್ಲಾಸ್ಟಿಕ್ ಹಾಳೆ ಮುಚ್ಚಿ, ಕಾಲು ಗಂಟೆ ಬಿಟ್ಟರೆ ಸಾಕು. ಆಮೇಲೆ ಕಾರ್ಡಿನಲ್ಲಿ ತಳ್ಳಿದರೆ ಬೆಣ್ಣೆಯ ಹಾಗೆ ಬರುತ್ತದೆ. ಸೀಟ್ ಬೆಲ್ಟಿನ ಪಟ್ಟಿಗೆ ಮಾತ್ರ ತಾಗಿಸಬೇಡಿ. ಅದಕ್ಕೆ ಸಾಬೂನು ನೀರು ಬಿಟ್ಟು ಬೇರೇನೂ ಬೇಡ.

ಎಲ್ಲ ಅಂಟೂ ಒಂದೇ ಅಲ್ಲ. ಸ್ಟಿಕರ್ ಕಿತ್ತ ಕಡೆ ಉಳಿಯುವ ಜಿಗುಟಿಗೆ ತೆಂಗಿನೆಣ್ಣೆ ಅಥವಾ ನೀಲಗಿರಿ ಎಣ್ಣೆ ಸಾಕು, ಸ್ವಲ್ಪ ಹೊತ್ತು ನೆನೆಯಲು ಬಿಡಬೇಕು ಅಷ್ಟೇ. ಸ್ಪಂಜಿನ ಎರಡು ಬದಿ ಟೇಪ್ ಇದ್ದರೆ ಮೀನು ಹಿಡಿಯುವ ನೈಲಾನ್ ದಾರವನ್ನು ಅದರ ಹಿಂದೆ ಗರಗಸದ ಹಾಗೆ ಆಡಿಸಿ. ಇನ್ನೊಂದು ಇದೆ, ಕಂಪನಿಯಿಂದಲೇ ಹಾಕಿ ಬರುವ ಕಪ್ಪು ಟಾರ್ ಶೀಟ್. ಸದ್ದು ತಡೆಯಲು ಹಾಕುತ್ತಾರೆ. ಅದು ಬಿಸಿಗೆ ಅಂಟಂಟಾಗಿ ಎಲ್ಲ ಹೊಲಸು ಮಾಡುತ್ತದೆ. ಅದಕ್ಕೆ ಬೇಕಾದದ್ದು ಚಳಿ. ಫ್ರಿಜ್ಜಿನ ಐಸನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬೆಳಿಗ್ಗೆ ಬೆಳಿಗ್ಗೆ ಅರ್ಧ ಗಂಟೆ ಇಟ್ಟು, ಸುತ್ತಿಗೆಯಿಂದ ಮೆಲ್ಲಗೆ ಬಡಿದರೆ ಚೂರಾಗಿ ಏಳುತ್ತದೆ. ನಾನು ಸಡಿಲ ಆಗಿದ್ದನ್ನು ಮಾತ್ರ ತೆಗೆದೆ. ಗಟ್ಟಿಯಾಗಿ ಕೂತಿದ್ದರ ಕೆಳಗೆ ನೀರು ಹೋಗಿರುವುದಿಲ್ಲ, ಅದನ್ನು ಯಾಕೆ ಕೀಳಬೇಕು?

ಹೊಸ ಕಾರಿನವರಿಗೆ ಒಂದು ಎಚ್ಚರಿಕೆ. ನನ್ನ 800ರಲ್ಲಿ ಏರ್‌ಬ್ಯಾಗ್ ಇಲ್ಲ. ಈಗಿನ ಕಾರುಗಳಲ್ಲಿ ಸೀಟಿನ ಕೆಳಗೆ ಹಳದಿ ಬಣ್ಣದ ಕನೆಕ್ಟರ್ ಕಂಡರೆ ಅದು ಸಾಮಾನ್ಯವಾಗಿ ಏರ್‌ಬ್ಯಾಗಿನದು. ಅಂಥ ಸೀಟನ್ನು ಮನೆಯಲ್ಲಿ ಬಿಚ್ಚಬೇಡಿ, ತಿಳಿದ ಮೆಕ್ಯಾನಿಕ್ ಹತ್ತಿರ ಬಿಚ್ಚಿಸಿ.

ಗಮ್ ಹೋದ ಮೇಲೆ ಎಣ್ಣೆಯ ಪಸೆ ಉಳಿಯುತ್ತದೆ. ಪಾತ್ರೆ ತೊಳೆಯುವ ಸಾಬೂನಿನ ನೀರಿನಲ್ಲಿ ಎರಡು ಸಲ ಒರೆಸಿ, ಒಣಗಿಸಿ, ಕೊನೆಗೆ ಸ್ವಲ್ಪ ಸ್ಪಿರಿಟ್ ಬಟ್ಟೆಯಲ್ಲಿ ಒರೆಸಿದೆ. ಟಿಂಕರ್ ಕೆಲಸದವರು ತೇಪೆ ಹಾಕಿ ಕೊಟ್ಟರು. ತುಕ್ಕನ್ನು ಸ್ಯಾಂಡ್ ಪೇಪರಿನಲ್ಲಿ ಉಜ್ಜಿದ ದಿನವೇ ತುಕ್ಕು ತಡೆಯುವ ರೆಡ್ ಆಕ್ಸೈಡ್ ಪೇಂಟ್ ಬಳಿದೆ. ನಾಳೆ ಬಳಿಯೋಣ ಎಂದು ಬಿಟ್ಟರೆ ನಮ್ಮ ಊರಿನ ಇಬ್ಬನಿಗೆ ಬರೀ ತಗಡು ಬೆಳಗಾಗುವುದರೊಳಗೆ ಕೆಂಪಾಗಿರುತ್ತದೆ. ಉಜ್ಜುವಾಗ ಮೂಗಿಗೆ ಮಾಸ್ಕ್ ಹಾಕಿಕೊಳ್ಳಿ. ಹಳೇ ಪೇಂಟಿನ ಧೂಳು ಒಳ್ಳೆಯದಲ್ಲ.

ಇನ್ನು ಪೆಟ್ರೋಲ್ ವಿಷಯ. ಅದು ಟರ್ಪೆಂಟೈನಿನ ಹಾಗಲ್ಲ. ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗಿನ ಚಳಿಯಲ್ಲೂ ಅದು ಕಿಡಿ ತಾಗಿದರೆ ಹೊತ್ತುವಷ್ಟು ಆವಿ ಬಿಡುತ್ತದೆ. ನಮ್ಮ ಜೂನ್ ತಿಂಗಳ ಚಳಿ ಅದಕ್ಕೆ ಲೆಕ್ಕವೇ ಅಲ್ಲ. ಮಳೆ ಬರುತ್ತಿದೆ, ತಂಪಿದೆ, ಏನೂ ಆಗುವುದಿಲ್ಲ ಎಂದು ಆ ಹುಡುಗ ತಿಳಿದಿದ್ದ. ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಮೇಲೆ ಹಾರಿ ಹೋಗುವುದಿಲ್ಲ. ಕಾರಿನ ತಳ ಬೋಗುಣಿಯ ಹಾಗೆ ಇರುತ್ತದೆ ಅಲ್ವಾ, ಅಲ್ಲಿ ನೀರಿನ ಹಾಗೆ ನಿಲ್ಲುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಗಾಳಿಯಲ್ಲಿ ನೂರಕ್ಕೆ ಒಂದೂವರೆ ಪಾಲು ಸೇರಿದರೂ ಸಾಕು, ಹೊತ್ತಿಕೊಳ್ಳುತ್ತದೆ. ಕಿಡಿಗೆ ಬಲ್ಬೇ ಒಡೆಯಬೇಕು ಅಂತ ಇಲ್ಲ. ಬಾಗಿಲು ತೆರೆದಾಗ ಒಳಗಿನ ದೀಪ ಹತ್ತುತ್ತದಲ್ಲ, ಅದರ ಸ್ವಿಚ್ಚಿನಲ್ಲಿ ಸಣ್ಣ ಕಿಡಿ ಇರುತ್ತದೆ. ನೈಲಾನ್ ಬಟ್ಟೆಯಲ್ಲಿ ಒಣ ಹವೆಯಲ್ಲಿ ಉಜ್ಜಿದರೂ ಕಿಡಿ ಹುಟ್ಟಬಹುದು. ನಾನು ಮೊದಲ ದಿನವೇ ಬ್ಯಾಟರಿ ವೈರು ತೆಗೆದದ್ದು ಇದಕ್ಕೆ. ಆದರೆ ಬ್ಯಾಟರಿ ತೆಗೆದಿದ್ದೇನೆ, ಇನ್ನು ಪೆಟ್ರೋಲ್ ಬಳಸಬಹುದು ಎಂದು ಯಾರೂ ಅಂದುಕೊಳ್ಳಬಾರದು. ಕಾರಿನೊಳಗೆ ಪೆಟ್ರೋಲಿಗೆ ಜಾಗ ಇರುವುದು ಟ್ಯಾಂಕಿನಲ್ಲಿ ಮಾತ್ರ.

ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಶೆಡ್ಡಿನ ಮೂಲೆಗೆ ಎಸೆಯಬೇಡಿ. ಬಯಲಿನಲ್ಲಿ ಹರಡಿ ಒಣಗಿಸಿ. ತೊಳೆದ ನೀರನ್ನು ತೋಡಿಗೆ ಬಿಡಬೇಡಿ. ನಮ್ಮ ತೋಟದ ತೋಡು ಹರಿದು ಕಾವೇರಿಗೇ ಸೇರುತ್ತದೆ. ತಲಕಾವೇರಿಯಿಂದ ಇಷ್ಟು ಹತ್ತಿರ ಇದ್ದುಕೊಂಡು, ಕೆಳಗೆ ಮೈಸೂರು, ಮಂಡ್ಯ, ಬೆಂಗಳೂರಿನವರು ಕುಡಿಯುವ ನೀರಿಗೆ ನಾವೇ ಎಣ್ಣೆ ಬಿಟ್ಟರೆ ಹೇಗೆ? ನಾನು ಆ ಕೊಳೆಯನ್ನು ಮರದ ಪುಡಿಗೆ ಹೀರಿಸಿ, ಚೀಲ ಕಟ್ಟಿ ಇಟ್ಟು, ಕಸದ ಗಾಡಿಗೆ ಬೇರೆಯಾಗಿ ಹೇಳಿ ಕೊಟ್ಟೆ.

ಮ್ಯಾಟ್ ಹಾಕುವ ಅಂಗಡಿಯವರಲ್ಲಿ ನನ್ನದೊಂದು ಕೋರಿಕೆ. ಕೊಡಗಿನ ಗಾಡಿಗಳಿಗೆ ದಯವಿಟ್ಟು ತಳಕ್ಕೆ ಗಮ್ ಬಳಿಯಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಬಟ್ಟೆಯನ್ನೇ ಒಲೆಯ ಮೇಲೆ ಒಣಗಿಸುತ್ತೇವೆ. ಒದ್ದೆ ಚಪ್ಪಲಿ, ಒದ್ದೆ ಕೊಡೆ, ಕೆಸರಿನ ಬೂಟು ಎಲ್ಲ ಕಾರಿನೊಳಗೇ ಬರುತ್ತದೆ. ಅಳತೆಗೆ ಕತ್ತರಿಸಿ ಸಡಿಲವಾಗಿ ಹಾಸಿ ಕೊಡಿ, ಜಾರದ ಹಾಗೆ ಅಂಚಿನಲ್ಲಿ ಕ್ಲಿಪ್ ಹಾಕಿ. ಡ್ರೈವರ್ ಕಡೆ ಮಾತ್ರ ಅದು ಪೆಡಲಿಗೆ ಸಿಕ್ಕದ ಹಾಗೆ ಭದ್ರವಾಗಿರಲಿ. ಬಿಸಿಲು ಬಂದ ದಿನ ನಾವು ಎತ್ತಿ ಒಣಗಿಸಿಕೊಳ್ಳುತ್ತೇವೆ. ಮಾಲೀಕರೂ ಕೇಳಿ ಪಡೆಯಬೇಕು. ‘ಅಂಟಿಸದಿದ್ದರೆ ನೀಟಾಗಿ ಕಾಣಲ್ಲ’ ಎಂದು ನನಗೂ ಹೇಳಿದ್ದರು. ನಾನೂ ತಲೆಯಾಡಿಸಿದ್ದೆ.

ಈಗ ನನ್ನ ಕಾರಿನ ಮ್ಯಾಟಿನ ಅಡಿ ನಿಮ್ಮ ಪತ್ರಿಕೆಯ ಹಳೇ ಹಾಳೆ ಹಾಸಿದ್ದೇನೆ. ಮಳೆಗಾಲದಲ್ಲಿ ಪ್ರತಿ ಭಾನುವಾರ ಎತ್ತಿ ನೋಡುತ್ತೇನೆ. ಹಾಳೆ ಒದ್ದೆ ಆಗಿದ್ದರೆ ನೀರು ಎಲ್ಲಿಂದ ಬಂತು ಎಂದು ಅದರ ಕಲೆಯೇ ಹೇಳುತ್ತದೆ. ಹೋದ ಮಳೆಗಾಲ ಪೂರ್ತಿ ಒಂದೇ ಸಲ, ಎಡಗಡೆ ಬಾಗಿಲಿನ ಬೀಡಿಂಗ್, ಅಂದರೆ ಅಂಚಿನ ರಬ್ಬರ್ ಪಟ್ಟಿಯ ಹತ್ತಿರ, ರೊಟ್ಟಿಯಷ್ಟು ಒದ್ದೆ ಕಂಡಿತ್ತು. ಬೀಡಿಂಗ್ ಬದಲಿಸಿದೆ.

ಹುಡುಗನ ವ್ಯಾನ್ ಒಂಬತ್ತು ತಿಂಗಳು ಶೆಡ್ಡಿನಲ್ಲೇ ಇತ್ತು. ಅವನು ಅದರ ಹತ್ತಿರ ಹೋಗುತ್ತಿರಲಿಲ್ಲ. ಹೋದ ತಿಂಗಳು ನಾನೇ ಅವನಪ್ಪನಿಗೆ ಹೇಳಿ ನಮ್ಮ ಕಣಕ್ಕೆ ತಳ್ಳಿಸಿದೆ. ಸೀಟು ಒಂದು ಸುಟ್ಟಿದೆ, ತಗಡು ಗಟ್ಟಿ ಇದೆ. ದಿನಾ ಮಧ್ಯಾಹ್ನ ಎರಡು ಗಂಟೆಗೆ ಇಬ್ಬರೂ ಕೂರುತ್ತೇವೆ. ನಾನು ಬಿಸಿನೀರಿನ ಚೀಲ ಒತ್ತಿ ಹಿಡಿಯುತ್ತೇನೆ, ಅವನು ಬಲಗೈಯಲ್ಲಿ ಕಾರ್ಡ್ ತಳ್ಳುತ್ತಾನೆ. ಹಿಂದಿನ ಅರ್ಧ ಮುಗಿದಿದೆ. ನಿನ್ನೆ ಮಳೆ ಬಂತೆಂದು ಕೆಲಸ ನಿಂತಿತು. ನಾಳೆ ಬಿಸಿಲು ಬಂದರೆ ಡ್ರೈವರ್ ಕಡೆ ಶುರು ಮಾಡುತ್ತೇವೆ.

ಇಂತಿ,
ನಿಮ್ಮ ಓದುಗಿ,
ಚೇರಂಬಾಣೆ, ಕೊಡಗು